ಹಳೆಯ ಮೋಟಾರು ಗಾಡಿಗಳ ಜೀರ್ಣೋದ್ಧಾರ: ಮೂಲನಿಷ್ಠೆಯ ಬೆಲೆ

ಅಹಮದಾಬಾದಿನ ಹೊರವಲಯದ ಕಠವಾಡಾದಲ್ಲಿ, ದಾಸ್ತಾನ್ ಎಂಬ ತೋಟದೊಳಗೆ, ದಿವಂಗತ ಪ್ರಾಣಲಾಲ್ ಭೋಗಿಲಾಲರು ಕೂಡಿಸಿದ ಹಳೆಯ ಮೋಟಾರು ಗಾಡಿಗಳ ಸಂಗ್ರಹವೊಂದಿದೆ. 'ಆಟೋ ವರ್ಲ್ಡ್' ಎಂಬುದು ಅದರ ಹೆಸರು. ರೋಲ್ಸ್‌ರಾಯ್ಸ್, ಬೆಂಟ್ಲಿ, ಡೈಮ್ಲರ್, ಲಗೋಂಡಾ, ಪ್ಯಾಕಾರ್ಡ್, ಕ್ಯಾಡಿಲಾಕ್ ಮೊದಲಾದ ಗಾಡಿಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ಹಲವು ಹಿಂದಿನ ದೇಶೀಯ ಸಂಸ್ಥಾನಗಳಿಂದ ಬಂದವು. ೨೦೨೩ರ ಜನವರಿಯಲ್ಲಿ ವಡೋದರದ ಲಕ್ಷ್ಮೀವಿಲಾಸ ಅರಮನೆಯ ಆವರಣದಲ್ಲಿಯೂ ಇಂಥ ಗಾಡಿಗಳ ಸ್ಪರ್ಧಾಪ್ರದರ್ಶನವೊಂದು ನಡೆಯಿತು. ಈ ಬಗೆಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ತೂಗಿ ನೋಡುವ ಗುಣಗಳಲ್ಲಿ ಮೂಲನಿಷ್ಠೆ ಮುಖ್ಯವಾದುದು: ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ, ಗಾಡಿ ಇಂದೂ ಹಾಗೆಯೇ ಇರಬೇಕು.

ಈ ನಿಷ್ಠೆ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಅಕ್ಷರಶಃ ಪಾಲಿಸಿದರೆ ನಾವು ತೆರಬೇಕಾದ ಬೆಲೆ ಏನು ಎಂಬುದನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಬೆಲೆಯನ್ನು ಹಣದಿಂದ ಮಾತ್ರ ಅಳೆಯಲಾಗದು.

ಮೊದಲು 'ಮೂಲ'ವೆಂದರೇನೆಂಬುದನ್ನು ನಿಶ್ಚಯಿಸಬೇಕು. ಎರಡನೆಯ ಮಹಾಯುದ್ಧದವರೆಗೆ ರೋಲ್ಸ್‌ರಾಯ್ಸ್ ಕಂಪನಿ ಮಾರುತ್ತಿದ್ದುದು ಇಡೀ ಗಾಡಿಯನ್ನಲ್ಲ, ಯಂತ್ರವನ್ನೂ ಚಕ್ರಗಳನ್ನೂ ಒಳಗೊಂಡ ಷಾಸಿಯನ್ನು. ಅದರ ಮೇಲಣ ಒಡಲನ್ನು ಬಾರ್ಕರ್, ಹೂಪರ್ ಮುಂತಾದ, ಹಿಂದೆ ಕುದುರೆಸಾರೋಟುಗಳನ್ನು ಮಾಡುತ್ತಿದ್ದ ಸಂಸ್ಥೆಗಳು ಕಟ್ಟುತ್ತಿದ್ದವು. ಆಷ್ ಮರದ ಚೌಕಟ್ಟು, ಅದರ ಮೇಲೆ ಲೋಹದ ತಗಡು. ಇದು ಸಾಮಾನ್ಯ ಕ್ರಮ. ನಮ್ಮ ದೇಶದಲ್ಲಿಯೂ ಮದರಾಸಿನ ಸಿಂಪ್ಸನ್ ಕಂಪನಿಯವರು ಈ ಕೆಲಸದಲ್ಲಿ ಹೆಸರಾಗಿದ್ದರು. ಕೆಲವು ವರ್ಷಗಳ ಮೇಲೆ ಹಳೆಯ ಒಡಲನ್ನಿಳಿಸಿ ಅದೇ ಷಾಸಿಗೆ ಹೊಸ ಮಾದರಿಯದನ್ನು ಏರಿಸುವುದೂ, ಸವಾರಿಯ ಗಾಡಿಯನ್ನು ಬೇಟೆಯ ಗಾಡಿಯಾಗಿ ಮಾರ್ಪಡಿಸುವುದೂ ರೂಢಿಯಲ್ಲಿದ್ದಿತು. ಹೀಗಿರಲು ಯಾವ ದಿನದ ರೂಪವನ್ನು ಮೂಲವೆಂದು ಎಣಿಸಬೇಕು?

ಹವೆಯೂ ತನ್ನ ಪಾಲಿನ ತಿದ್ದುಪಡಿಯನ್ನು ಮಾಡದೆ ಬಿಡಲಿಲ್ಲ. ಸಮುದ್ರಕ್ಕೆ ಸಮೀಪವಾದ ಸೂರತ್ತಿನಂಥ ಊರಿನ ತೇವದಲ್ಲಿ ಆಷ್ ಮರ ಬಹುಕಾಲ ಬಾಳಲಾರದು. ಅದು ಶಿಥಿಲವಾದಾಗ ಬಡಗಿಯ ಕೈಗೆ ಸಹಜವಾಗಿ ಒದಗುವುದು ಸಾಗವಾನಿ. ಸೂರತ್ತಿನ ಪೂರ್ವಕ್ಕಿರುವ ಡಾಂಗ್ ಪ್ರಾಂತದ ಕಾಡುಗಳು ಸಾಗವಾನಿಗೇ ಪ್ರಸಿದ್ಧವಾದವು. ಸ್ವಾತಂತ್ರ್ಯಾನಂತರ ಆಮದಿನ ನಿರ್ಬಂಧಗಳಿಂದ ವಿದೇಶದ ಬಿಡಿಭಾಗಗಳು ದುರ್ಲಭವಾದವು. ೧೯೭೧ರಲ್ಲಿ ರಾಜಧನವೂ ರದ್ದಾಯಿತು. ಆ ಕಷ್ಟದ ದಿನಗಳಲ್ಲಿ ಈ ಗಾಡಿಗಳ ಜೀವವನ್ನು ಹಿಡಿದು ನಿಲ್ಲಿಸಿದವನು ಮೇಸ್ತ್ರಿ. ಬೇರಿಂಗಿನ ಬಿಳಿಲೋಹವನ್ನು ಅವನೇ ಎರಕ ಹೊಯ್ದನು. ದೊರೆಯದ ಭಾಗವನ್ನು ಕಡಚಲುಯಂತ್ರದಲ್ಲಿ ಕಡೆದನು. ಅದೂ ಆಗದಿದ್ದಲ್ಲಿ ಅಂಬಾಸಡರ್ ಗಾಡಿಯದನ್ನೋ ಜೀಪಿನದನ್ನೋ ಹೊಂದಿಸಿದನು. ಸಯಾಜಿರಾವ್ ಗಾಯಕವಾಡರ ಆಳಿಕೆಯಲ್ಲಿ, ೧೮೯೦ರಷ್ಟು ಹಿಂದೆಯೇ, ಯಂತ್ರವಿದ್ಯೆಯನ್ನೂ ಕೈಕಸುಬುಗಳನ್ನೂ ಕಲಿಸಲು ಕಲಾಭವನವನ್ನು ತೆರೆದ ನಗರ ವಡೋದರ. ಅಂಥ ಪರಂಪರೆಯುಳ್ಳ ಪ್ರಾಂತದಲ್ಲಿ ಮೇಸ್ತ್ರಿಯ ಕೈಕೆಲಸವನ್ನು ಕೇವಲ ವಿಕಾರವೆಂದು ಕಿತ್ತೆಸೆಯುವುದು ಚರಿತ್ರೆಯ ಪುಟವೊಂದನ್ನು ಹರಿದುಹಾಕಿದಂತೆಯೇ ಸರಿ.

ಈಗ ಕಾನೂನು ಸಹ ಈ ವಿಷಯವನ್ನು ಪ್ರವೇಶಿಸಿದೆ. ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳ ಮೇರೆಗೆ, ಮೊದಲ ನೋಂದಣಿಯಿಂದ ೫೦ ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ, ಷಾಸಿ, ಒಡಲು, ಯಂತ್ರಗಳಲ್ಲಿ ಗಣನೀಯ ಮಾರ್ಪಾಟಿಲ್ಲದ ವಾಹನವೇ 'ವಿಂಟೇಜ್' ಎನಿಸುತ್ತದೆ. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಹಾಗೆ ನೋಂದಣಿಯಾದ ಗಾಡಿಯನ್ನು ದಿನಬಳಕೆಗಾಗಲಿ ವ್ಯಾಪಾರಕ್ಕಾಗಲಿ ಓಡಿಸುವಂತಿಲ್ಲ. ಕೃತಕವಾಗಿ ಜೋಡಿಸಿದ ಗಾಡಿಗಳ ಹಾವಳಿಯನ್ನು ತಡೆಯಲು ಇಂಥ ಲಕ್ಷಣನಿರ್ಣಯ ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ೧೯೬೦ರ ದಶಕದಲ್ಲಿ ಯಂತ್ರ ಒಡೆದು, ಬೇರೊಂದು ಯಂತ್ರದ ಬಲದಿಂದ ಇಂದಿನವರೆಗೆ ಬಾಳಿಬಂದ ಗಾಡಿ ಈ ಲಕ್ಷಣದೊಳಗೆ ಸುಲಭವಾಗಿ ಸೇರದು. ವಿದೇಶದಿಂದ ಮೂಲಮಾದರಿಯ ಯಂತ್ರವನ್ನು ತರಿಸಿ ಕೂಡಿಸುವುದು ಧನಿಕರಿಗೆ ಮಾತ್ರ ಸಾಧ್ಯ. ಗಾಡಿಯನ್ನು ಸಾಯಗೊಡದ ಉಪಕಾರವೇ ಅದರ ಅನರ್ಹತೆಗೆ ಕಾರಣವಾಗುವುದು ವಿಪರ್ಯಾಸವಲ್ಲವೆ?

ಇನ್ನೊಂದು ತೊಡಕು ಇಂಧನದ್ದು. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ಬಳಕೆಗೆ ತರಲಾಯಿತು. ಹಳೆಯ ಕಾಲದ ರಬ್ಬರು ಕೊಳವೆಗಳನ್ನೂ ಬೆಂಡಿನ ಬಿಲ್ಲೆಗಳನ್ನೂ ಎಥನಾಲ್ ಕೆಡಿಸುತ್ತದೆ. ಅಂದಿನ ಬ್ರೇಕಿನ ಒಳಪದರದಲ್ಲಿದ್ದ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹಾನಿಕರವೆಂಬುದು ಸರ್ವವಿದಿತ. ಎಲ್ಲವೂ ಮೂಲದಂತೆಯೇ ಇರಬೇಕೆಂದರೆ ಗಾಡಿ ಓಡುವುದನ್ನೇ ನಿಲ್ಲಿಸಬೇಕಾಗುತ್ತದೆ. ಓಡದ ಗಾಡಿಯನ್ನು ಮೂಲದಂತಿದೆಯೆಂದು ಹೇಗೆ ಕರೆಯೋಣ?

ಪಾಶ್ಚಾತ್ಯರಲ್ಲಿಯೂ ಈ ಪ್ರಶ್ನೆ ನ್ಯಾಯಾಲಯದವರೆಗೆ ಹೋದುದುಂಟು. ೧೯೨೯ ಮತ್ತು ೧೯೩೦ರ ಲೆ ಮಾನ್ ಪಂದ್ಯಗಳನ್ನು ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಗಾಡಿಯ ಬಹುಭಾಗಗಳು ಕಾಲಕ್ರಮದಲ್ಲಿ ಬದಲಾಗಿದ್ದವು. ಅದು ನಿಜವಾದ ಗಾಡಿಯೇ ಅಲ್ಲವೆಂಬ ವಾದವನ್ನು ೧೯೯೦ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ಎಡೆಬಿಡದೆ ಸಾಗಿಬಂದ ಬಾಳಿನಿಂದಾಗಿ ಗಾಡಿ ಅದೇ ಎಂಬುದು ತೀರ್ಪಿನ ಸಾರ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ ಹೊಸತಾಗಿ ಹೊಳೆಯಿಸುವುದಕ್ಕಿಂತ ಉಳಿದ ಹಳೆಯ ಅಂಶವನ್ನು ಕಾಪಾಡುವುದೇ ಲೇಸೆಂದು ಸಾರುತ್ತದೆ.

ಕನ್ನಡ ವಿದ್ವಾಂಸರಿಗೆ ಈ ವಿವೇಕ ಹೊಸದಲ್ಲ. ಗ್ರಂಥಸಂಪಾದಕನು ಕವಿಯ ಮೂಲಪಾಠವನ್ನು ಅರಸುತ್ತಾನೆ, ಪ್ರಕ್ಷಿಪ್ತಗಳನ್ನು ಬೇರ್ಪಡಿಸುತ್ತಾನೆ. ಆದರೆ ತಾನು ಕೈಬಿಟ್ಟ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾನೆ. ಲಿಪಿಕಾರನು ತಪ್ಪಿದನೆಂದು ತಾಳೆಗರಿಯನ್ನು ಸುಡುವುದಿಲ್ಲ. ಗಾಡಿಯ ಜೀರ್ಣೋದ್ಧಾರಕನಾದರೋ ಮೇಸ್ತ್ರಿಯ ಪಾಠವನ್ನು ಗುಜರಿಗೆ ಹಾಕಿದನೆಂದರೆ ಅದು ಮರಳಿ ದೊರೆಯುವಂತಿಲ್ಲ. ಎರಡು ಮೂರು ತಲೆಮಾರುಗಳಿಂದ ಈ ನಾಡಿನಲ್ಲಿ ನೆಲಸಿದ ಕನ್ನಡ ಮನೆಯ ಮಾತಿನಲ್ಲಿ ನಾಲ್ಕು ಗುಜರಾತಿ ಶಬ್ದಗಳು ಬೆರೆತಿದ್ದರೆ, ಅವು ಆ ಮನೆಯ ಚರಿತ್ರೆಯೇ ಹೊರತು ದೋಷವಲ್ಲವೆಂಬುದನ್ನು ನಾವು ಬಲ್ಲೆವು.

ಆದಕಾರಣ ಮೂಲನಿಷ್ಠೆಯನ್ನು ತೊರೆಯಬೇಕೆಂಬುದು ನಮ್ಮ ವಾದವಲ್ಲ. ಅದಕ್ಕೊಂದು ಅಡಿಟಿಪ್ಪಣಿ ಇರಬೇಕೆಂಬುದಷ್ಟೆ. ತೆಗೆದ ಭಾಗವನ್ನು ಎಸೆಯದೆ ಗುರುತು ಬರೆದು ಇಡಬೇಕು. ಹೊಸದಾಗಿ ಸೇರಿಸಿದುದರ ಮೇಲೆ ವರ್ಷವನ್ನು ಕೆತ್ತಬೇಕು. ರಿಪೇರಿಯ ರಸೀದಿಗಳನ್ನು ಕೂಡಿಡಬೇಕು. ಲಂಡನ್ನಿನಲ್ಲಿ ಒಡಲು ಕಟ್ಟಿದವನ ಹೆಸರು ಇಂದಿಗೂ ಬಾಗಿಲ ಹೊಸ್ತಿಲಿನ ಲೋಹದ ಪಟ್ಟಿಯ ಮೇಲೆ ಮೆರೆಯುತ್ತಿದೆ. ಅದೇ ಗಾಡಿಯನ್ನು ಗುಜರಾತಿನ ಬಿಸಿಲಿನಲ್ಲಿ ಅರ್ಧ ಶತಮಾನ ಓಡಿಸಿದವನ ಹೆಸರು, ಅವನನ್ನು ಕಂಡವರು ಬದುಕಿರುವಾಗಲೇ, ಒಂದು ಕಾಗದದ ಮೇಲಾದರೂ ಬರೆಯಲ್ಪಡಲಿ.