ಇನ್ನೊಂದು ಮೂಳೆ ಮೇಲಕ್ಕೆ

ನಮ್ಮವ್ವನ ಕಾಯಿಲೆ ಮೊದಲು ಗೊತ್ತಾದದ್ದು ಎಕ್ಕಡದಿಂದ. ಗದ್ದೆಯಿಂದ ಮನೆಗೆ ಬಂದು ನೋಡಿದರೆ ಎಡಗಾಲಿನದು ಇರುತ್ತಿರಲಿಲ್ಲ. ನಾಲೆ ಏರಿಯ ಮೇಲೆ ಎಲ್ಲೋ ಕಳಚಿಕೊಂಡಿರುತ್ತಿತ್ತು, ಕಳಚಿದ್ದು ಅವಳಿಗೆ ತಿಳಿದೇ ಇರುತ್ತಿರಲಿಲ್ಲ. ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇದೆ. ಕಬಿನಿ ನೀರು, ಬತ್ತದ ಬಯಲು. ಇಂಥ ಊರಲ್ಲಿ 58 ವರ್ಷದ ಹೆಂಗಸಿನ ಕಾಲುನೋವನ್ನು ಯಾರೂ ಕಾಯಿಲೆ ಅಂತ ಎಣಿಸುವುದಿಲ್ಲ. "ನೆಲ ತುಳುದ್ರೆ ಹತ್ತಿ ತುಳುದಂಗಾಯ್ತದೆ ಕಣ್ ಮಗ" ಎಂದು ಅವಳು ಹೇಳಿದಾಗ ನಾನೂ ವಾಯು ಇರಬೇಕು ಅಂದುಕೊಂಡು ಸುಮ್ಮನಾದೆ.

ನಮ್ಮ ಸೀಮೆಯಲ್ಲಿ ಕಾಯಿಲೆ ಬಂದರೆ ಮೊದಲು ನೆನಪಾಗುವುದು ನಂಜುಂಡ. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಬಂದದ್ದು, ಸುಲ್ತಾನ ಪಚ್ಚೆಲಿಂಗ ಕೊಟ್ಟು ದೇವರನ್ನು ಹಕೀಂ ನಂಜುಂಡ ಎಂದು ಕರೆದದ್ದು, ಈ ಪ್ರತೀತಿ ಇಲ್ಲಿನ ಮಕ್ಕಳಿಗೂ ಗೊತ್ತು. ಕಪಿಲೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಗುಡಿಯ ಸುತ್ತ ಉರುಳುವ ಹರಕೆಯನ್ನು ಅವ್ವ ಹೊತ್ತಳು. ಅದೇ ಊರಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಕಟ್ಟಿದರು. ಅಲ್ಲಿನ ಕೆಂಪು ಹಲ್ಲುಪುಡಿ ಬಳಸದ ಮನೆ ನಮ್ಮ ಕಡೆ ಇರಲಿಲ್ಲವೇನೋ. ಒಂದೇ ಊರಲ್ಲಿ ದೇವರೂ ವೈದ್ಯ, ಪಂಡಿತರೂ ವೈದ್ಯರು. ಹಾಗಾಗಿ ಎಣ್ಣೆ ತಿಕ್ಕುವುದು, ಕಷಾಯ ಕುಡಿಯುವುದು, ಹರಕೆ ಹೊರುವುದು ಎಲ್ಲ ಒಟ್ಟೊಟ್ಟಿಗೇ ನಡೆಯಿತು.

ದೊಡ್ಡ ಆಸ್ಪತ್ರೆಗೆ ಹೋಗಲಿಲ್ಲ ಅಂತಲ್ಲ. ಹೋದೆವು. ಸೊಂಟದ ಎಕ್ಸ್‌ರೇ ಆಯಿತು, ಕೊನೆಗೆ ಸಾಲ ಮಾಡಿ ಸೊಂಟದ ಎಂಆರ್‌ಐ ಕೂಡ ಆಯಿತು. "ಡಿಸ್ಕ್ ಸವೆದಿದೆ" ಅಂದರು. ನಲವತ್ತು ವರ್ಷ ಬಗ್ಗಿ ನಾಟಿ ಹಾಕಿದವಳ ಡಿಸ್ಕ್ ಸವೆಯದೆ ಇರುತ್ತದೆಯೇ? ಬೆಲ್ಟು ಕೊಟ್ಟರು, ಮಾತ್ರೆ ಕೊಟ್ಟರು. ಹೀಗೆ ಒಂದೂವರೆ ವರ್ಷ ಕಳೆಯಿತು. ಅಷ್ಟರಲ್ಲಿ ಅವಳು ಗೋಡೆ ಹಿಡಿಯದೆ ನಡೆಯಲಾರಳು, ಮೂತ್ರ ಕಟ್ಟಿಕೊಳ್ಳುತ್ತಿತ್ತು.

ಮೈಸೂರಿನ ಒಬ್ಬ ನರರೋಗ ವೈದ್ಯರು ಆ ಎಂಆರ್‌ಐ ಫಿಲ್ಮನ್ನು ಪಕ್ಕಕ್ಕಿಟ್ಟು ಜೇಬಿನಿಂದ ಬೀಗದ ಕೈ ತೆಗೆದರು. ಅದರ ಮೊಂಡು ತುದಿಯಿಂದ ಅವ್ವನ ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರು. ಹೆಬ್ಬೆರಳು ನಿಧಾನವಾಗಿ ಮೇಲಕ್ಕೆದ್ದಿತು. ದೊಡ್ಡವರಲ್ಲಿ ಅದು ಕೆಳಕ್ಕೆ ಬಾಗಬೇಕು. ಮೇಲೆದ್ದರೆ ಮೆದುಳಿನಲ್ಲೋ ಬೆನ್ನುಹುರಿಯಲ್ಲೋ ತೊಂದರೆ ಇದೆ ಎಂದರ್ಥ. ಪ್ಯಾರಿಸ್ಸಿನ ಜೋಸೆಫ್ ಬಾಬಿನ್‌ಸ್ಕಿ ಇದನ್ನು ಬರೆದದ್ದು 1896ರಲ್ಲಿ. ಆಮೇಲೆ ವೈದ್ಯರು ಗುಂಡುಸೂಜಿಯಿಂದ ಕಾಲಿನಿಂದ ಮೇಲಕ್ಕೆ ಚುಚ್ಚುತ್ತಾ ಬಂದರು. ಹೊಕ್ಕುಳ ದಾಟಿದ ಮೇಲೆ ಅವ್ವ "ಹಾ" ಅಂದಳು. "ತಪ್ಪು ಜಾಗದ ಫೋಟೋ ತೆಗೆಸಿದ್ದೀರಿ. ಇನ್ನೂ ಮೇಲೆ ತೆಗೆಸಬೇಕು" ಅಂದರು ಅವರು. ಒಂದು ಬೀಗದ ಕೈ, ಒಂದು ಗುಂಡುಸೂಜಿ. ಒಂದೂವರೆ ವರ್ಷದಲ್ಲಿ ಇಷ್ಟನ್ನು ಯಾರೂ ಮಾಡಿರಲಿಲ್ಲ ಎಂಬ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ಎದೆಮಟ್ಟದ ಏಳು-ಎಂಟನೆಯ ಮೂಳೆಗಳ ಹತ್ತಿರ, ಬೆನ್ನುಹುರಿಯ ಪೊರೆಗೆ ಅಂಟಿಕೊಂಡು ಒಂದು ಗಡ್ಡೆ ಇತ್ತು. ಮೆನಿಂಜಿಯೋಮ ಎಂದು ಅದರ ಹೆಸರು. ನಡುವಯಸ್ಸು ದಾಟಿದ ಹೆಂಗಸರಲ್ಲಿ, ಬೆನ್ನಿನ ಆ ಭಾಗದಲ್ಲೇ ಅದು ಹೆಚ್ಚು ಕಾಣುತ್ತದಂತೆ. ಬಹುಪಾಲು ಅದು ಕ್ಯಾನ್ಸರ್ ಅಲ್ಲ. ಬೇರೆಲ್ಲಿಗೂ ಹರಡದೆ ಇದ್ದಲ್ಲೇ ಮೆಲ್ಲಗೆ ಬೆಳೆದು ಹುರಿಯನ್ನು ಒತ್ತುತ್ತದೆ.

ಆಪರೇಷನ್‌ಗೆ ದಿನ ಗೊತ್ತಾಗುವವರೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಓದಿದ್ದು ಇಂಥ ಗಡ್ಡೆಗಳ ಚರಿತ್ರೆಯನ್ನು. 1884ರಲ್ಲಿ ಇಂಗ್ಲೆಂಡಿನ ಒಬ್ಬ ಸೇನಾಧಿಕಾರಿಗೆ ಎಡ ಹೆಗಲಮೂಳೆಯ ಕೆಳಗೆ ನೋವು ಶುರುವಾಯಿತು. ಚರಿತ್ರೆಯ ಪುಸ್ತಕಗಳು ಅವನನ್ನು ಕ್ಯಾಪ್ಟನ್ ಗಿಲ್ಬಿ ಎನ್ನುತ್ತವೆ. ಮೂರು ವರ್ಷ ಅವನೂ ವೈದ್ಯರಿಂದ ವೈದ್ಯರಿಗೆ ಅಲೆದ. 1887ರ ಹೊತ್ತಿಗೆ ಎರಡೂ ಕಾಲು ಬಿದ್ದುಹೋಗಿದ್ದವು, ಮೂತ್ರದ ಹಿಡಿತ ತಪ್ಪಿತ್ತು. ಆ ಜೂನ್‌ನಲ್ಲಿ ಲಂಡನ್ನಿನ ವಿಲಿಯಂ ಗೋವರ್ಸ್ ಅವನನ್ನು ನೋಡಿದರು. ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ. ಬರೀ ಮುಟ್ಟಿ, ಚುಚ್ಚಿ, ಕೇಳಿ, ಬೆನ್ನುಹುರಿಯ ಮೇಲೆ ಗಡ್ಡೆ ಇದೆ, ಇಂಥ ಕಡೆ ಇದೆ ಎಂದು ತೀರ್ಮಾನಿಸಿ ಸರ್ಜನ್ ವಿಕ್ಟರ್ ಹಾರ್ಸ್ಲಿಯನ್ನು ಕರೆಸಿದರು. ಹಾರ್ಸ್ಲಿಗೆ ಆಗ 30 ವರ್ಷ. ಬೆನ್ನುಹುರಿಯ ಗಡ್ಡೆಯನ್ನು ಹೀಗೆ ಮೊದಲೇ ಗುರುತು ಹಚ್ಚಿ ತೆಗೆದು ಯಾರೂ ಗೆದ್ದಿರಲಿಲ್ಲ.

1887ರ ಜೂನ್ 9ರಂದು ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಹಾರ್ಸ್ಲಿ ಬೆನ್ನು ತೆರೆದರು. (ನಮ್ಮ ಮೈಸೂರಿನಲ್ಲಿ ಆಗ ಚಾಮರಾಜೇಂದ್ರ ಒಡೆಯರ ಆಳ್ವಿಕೆ.) ಗುರುತು ಹಾಕಿದ ಕಡೆ ಮೂಳೆಯ ಹಿಂಬದಿಯ ಕಮಾನು ತೆಗೆದು, ಪೊರೆ ಸೀಳಿ ನೋಡಿದರೆ ಗಡ್ಡೆ ಇಲ್ಲ. ಮೇಲಿನ ಮೂಳೆ ತೆಗೆದರು, ಅಲ್ಲೂ ಇಲ್ಲ. ಇನ್ನು ಮುಚ್ಚಬೇಕು ಅನ್ನುವಾಗ ಜೊತೆಗಿದ್ದ ಚಾರ್ಲ್ಸ್ ಬ್ಯಾಲೆನ್ಸ್ ಇನ್ನೊಂದು ಮೂಳೆ ಮೇಲಕ್ಕೆ ಹೋಗೋಣ ಎಂದು ಒತ್ತಾಯಿಸಿದರಂತೆ. ಹೋದರು. ಅಲ್ಲಿ ಬಾದಾಮಿ ಆಕಾರದ ಗಡ್ಡೆ ಹುರಿಯನ್ನು ಅದುಮಿಕೊಂಡು ಕೂತಿತ್ತು.

ಇಲ್ಲಿಗೆ ಬಂದಾಗ ನಾನು ಫೋನು ಕೆಳಗಿಟ್ಟೆ. ಮಹಾ ಸರ್ಜನ್ನೂ ಕೆಳಗೇ ಹುಡುಕಿದ್ದ! ನಮ್ಮ ಸೊಂಟದ ಎಂಆರ್‌ಐ ಮಾಡಿದ್ದೂ ಅದನ್ನೇ. ಇದು ಬರೀ ಅಜಾಗ್ರತೆಯಲ್ಲ, ದೇಹದ ಕಟ್ಟೋಣವೇ ಹಾಗಿದೆ. ಮಗು ಬೆಳೆಯುವಾಗ ಬೆನ್ನುಮೂಳೆ ಉದ್ದವಾದಷ್ಟು ಬೆನ್ನುಹುರಿ ಉದ್ದವಾಗುವುದಿಲ್ಲ. ದೊಡ್ಡವರಲ್ಲಿ ಹುರಿ ಸೊಂಟದ ಮೊದಲೆರಡು ಮೂಳೆಗಳ ಹತ್ತಿರವೇ ಮುಗಿದುಹೋಗುತ್ತದೆ. ಹೊಕ್ಕುಳ ಮಟ್ಟದ ಸ್ಪರ್ಶ ನೋಡಿಕೊಳ್ಳುವ ಎದೆಭಾಗದ ಹತ್ತನೆಯ ತುಂಡು ಹತ್ತನೆಯ ಮೂಳೆಯ ಹಿಂದೆ ಇರದೆ ಸುಮಾರು ಎರಡು ಮೂಳೆ ಮೇಲಿರುತ್ತದೆ. ಕಾಲಿನ ಸುದ್ದಿಯೆಲ್ಲ ಎದೆಯ ಹಿಂದಿನಿಂದಲೇ ಹಾದುಹೋಗಬೇಕು. ನಾಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ತೂಬಿನಲ್ಲಿ ಕಸ ಕಟ್ಟಿದರೆ ಒಣಗುವುದು ಕೊನೆಯ ಗದ್ದೆ. ಕೊನೆಯ ಗದ್ದೆಯಲ್ಲಿ ಎಷ್ಟು ಅಗೆದರೂ ಕಸ ಸಿಗುವುದಿಲ್ಲ.

ಕಸ ಎಲ್ಲಿದೆ ಎಂದು ನೋಡುವ ದಾರಿಗಳು ಒಂದೊಂದಾಗಿ ಬಂದವು. 1895ರಲ್ಲಿ ಎಕ್ಸ್‌ರೇ ಬಂತು, ಆದರೆ ಅದರಲ್ಲಿ ಮೂಳೆ ಕಾಣುತ್ತದೆಯೇ ಹೊರತು ಹುರಿ ಕಾಣುವುದಿಲ್ಲ. 1919ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬೆನ್ನಿನೊಳಕ್ಕೆ ಗಾಳಿ ತುಂಬಿ ಚಿತ್ರ ತೆಗೆಯುವ ಉಪಾಯ ಹೇಳಿದರು. ಅದರ ಹಿಂದೆಯೇ ಫ್ರಾನ್ಸಿನ ಸಿಕಾರ್ ಮತ್ತು ಫೊರೆಸ್ಟಿಯೆ ಅಯೋಡಿನ್ ಬೆರೆತ ಎಣ್ಣೆ ಬಳಸಿದರು. ಎಂಆರ್‌ಐ ಆಸ್ಪತ್ರೆಗಳಿಗೆ ಬಂದದ್ದು 1980ರ ದಶಕದಲ್ಲಿ. ನಮ್ಮ ದೇಶದಲ್ಲಿ ಈ ಶಸ್ತ್ರಚಿಕಿತ್ಸೆಗೇ ಮೀಸಲಾದ ವಿಭಾಗವನ್ನು ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ತೆರೆದರು, ಮರುವರ್ಷ ಮದ್ರಾಸಿನಲ್ಲಿ ಬಿ. ರಾಮಮೂರ್ತಿ ಶುರುಮಾಡಿದರು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ 1954ರಲ್ಲಿ ಅಖಿಲ ಭಾರತ ಸಂಸ್ಥೆಯಾಗಿ ಬದಲಾಗಿತ್ತು. 1958ರಲ್ಲಿ ಆರ್. ಮಾರ್ತಾಂಡ ವರ್ಮ ಅಲ್ಲಿಗೆ ನರಶಸ್ತ್ರಚಿಕಿತ್ಸಕರಾಗಿ ಬಂದರು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆದಾಗ ಅವರೇ ಮೊದಲ ನಿರ್ದೇಶಕರು. ಗಿಲ್ಬಿಯ ಬೆನ್ನು ತೆರೆದ 71 ವರ್ಷಕ್ಕೆ ನಮ್ಮ ಮೈಸೂರು ರಾಜ್ಯದ ಬಡವರಿಗೂ ಒಂದು ಬಾಗಿಲು ತೆರೆಯಿತು. ನಮ್ಮಜ್ಜನ ಕಾಲದಲ್ಲಿ "ಕಾಲು ಬಿದ್ದೋಯ್ತು" ಎಂದು ಜಗಲಿಯ ಮೇಲೆ ಮಲಗಿ ಸತ್ತವರಲ್ಲಿ ಎಷ್ಟು ಜನರ ಬೆನ್ನಲ್ಲಿ ಬಾದಾಮಿಯಷ್ಟು ಗಡ್ಡೆ ಇತ್ತೋ.

ಅವ್ವನ ಆಪರೇಷನ್ ಮೈಸೂರಿನಲ್ಲೇ ಆಯಿತು. ಸರ್ಜನ್ನರು ಮೈಕ್ರೋಸ್ಕೋಪಿನ ಕೆಳಗೆ ಹುರಿಯನ್ನು ಎಳೆಯದೆ, ಗಡ್ಡೆಯನ್ನೇ ಚೂರುಚೂರಾಗಿ ತೆಗೆದರಂತೆ. ಐದು ಗಂಟೆ ಹಿಡಿಯಿತು. ಹೊರಗೆ ಬಂದ ಅವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ, "ನಡೀತಾರಾ ಸಾರ್?" "ಒತ್ತಡ ತೆಗೆದಿದ್ದೇವೆ. ಮಿಕ್ಕಿದ್ದು ಹುರಿಗೆ ಬಿಟ್ಟಿದ್ದು" ಅಂದರು.

ಕಷ್ಟದ ದಿನಗಳು ಬಂದದ್ದು ಆಮೇಲೆ. ಎರಡು ಗಂಟೆಗೊಮ್ಮೆ, ರಾತ್ರಿಯೂ, ಅವಳನ್ನು ಮರದ ದಿಮ್ಮಿಯ ಹಾಗೆ ಬೆನ್ನು ತಿರುಚದಂತೆ ಮಗ್ಗುಲಾಗಿಸಬೇಕು. ಇಲ್ಲದಿದ್ದರೆ ಹಾಸಿಗೆ ಹುಣ್ಣು. ಈ ಎರಡು ಗಂಟೆಯ ಲೆಕ್ಕಕ್ಕೂ ಚರಿತ್ರೆ ಇದೆ. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಇದನ್ನು ಕಟ್ಟುನಿಟ್ಟಾಗಿ ಜಾರಿಗೆ ತರುವ ತನಕ, ಬೆನ್ನುಹುರಿ ಕೆಟ್ಟವರು ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ನಮ್ಮಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಇದ್ದರು. 1954ರ ಅಪಘಾತದಲ್ಲಿ ತಮ್ಮ ಕಾಲುಗಳೇ ಸ್ವಾಧೀನ ತಪ್ಪಿದ ಮೇಲೆ ಗಾಲಿಕುರ್ಚಿಯಲ್ಲೇ ಕೂತು ಶಸ್ತ್ರಚಿಕಿತ್ಸೆ ಮಾಡಿದವರು, 1966ರಲ್ಲಿ ಅಲ್ಲಿ ಪುನಶ್ಚೇತನ ಸಂಸ್ಥೆ ತೆರೆದಾಗ ಅದನ್ನು ನಡೆಸಿದವರು. ಸರ್ಜನ್ನರ ಹೆಸರು ನೆನಪಿಟ್ಟವರು ಮಗ್ಗುಲು ತಿರುಗಿಸಲು ಕಲಿಸಿದವರ ಹೆಸರನ್ನೂ ನೆನಪಿಡಬೇಕು ಎಂಬುದು ನನ್ನ ಹಟ. ಅವ್ವನಿಗಂತೂ ಆ ಹೊರಳಾಟ ನಗೆಯಾಗಿತ್ತು. "ನಂಜುಂಡಪ್ಪಂಗೆ ಹೇಳ್ಕಂಡಿದ್ದ ಉರುಳುಸೇವೆ ಇಲ್ಲೇ ತೀರ್ತಾ ಅದೆ" ಅನ್ನುತ್ತಿದ್ದಳು.

ಹದಿನೇಳನೆಯ ದಿನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಕ್ಯಾತಿಟರ್ ತೆಗೆಯಲು ತಿಂಗಳು ಬೇಕಾಯಿತು. ಊರಿಗೆ ಬಂದ ಮೇಲೆ ಹಿತ್ತಿಲಲ್ಲಿ ಎರಡು ಬಿದಿರ ಗಳ ಕಟ್ಟಿದೆವು. ಫಿಸಿಯೋಥೆರಪಿ ಹುಡುಗಿ ವಾರಕ್ಕೊಮ್ಮೆ ಬರುತ್ತಿದ್ದಳು, ಮಿಕ್ಕ ದಿನ ಪಕ್ಕದ ಮನೆಯ ಅತ್ತೆ ಬೈದು ನಡೆಸುತ್ತಿದ್ದರು. ಗಿಲ್ಬಿ ಒಂದು ವರ್ಷಕ್ಕೆ ಮೈಲಿಗಟ್ಟಲೆ ನಡೆದು ಕೆಲಸಕ್ಕೂ ಮರಳಿದ್ದ. ಅವ್ವ ಅಷ್ಟು ಗೆಲ್ಲಲಿಲ್ಲ. ಕೋಲು ಹಿಡಿದು ನಡೆಯುತ್ತಾಳೆ, ಗದ್ದೆಗೆ ಇಳಿಯಲಾರಳು, ಎಡಪಾದದ ಜೋಮು ಹೋಗಿಲ್ಲ. ಒತ್ತಡ ಬೇಗ ತೆಗೆದಷ್ಟೂ ಹುರಿ ಮರಳುವ ಆಸೆ ಹೆಚ್ಚು. ನಮ್ಮ ಒಂದೂವರೆ ವರ್ಷ ಆ ಎಡಪಾದದಲ್ಲಿ ಉಳಿದಿದೆ.

ಹರಕೆ ಮಾತ್ರ ಅವಳು ಬಿಡಲಿಲ್ಲ. ಉರುಳಕೂಡದು ಎಂದು ಡಾಕ್ಟರು ಹೇಳಿದರು. ದೇವರನ್ನು ಅಷ್ಟಾಗಿ ನಂಬದ ನಾನೇ ಒಂದು ಸೋಮವಾರ ಕಪಿಲೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಶ್ರೀಕಂಠೇಶ್ವರನ ಗುಡಿಯ ಸುತ್ತ ಉರುಳಿದೆ. ಕಲ್ಲುಚಪ್ಪಡಿ ಬೆನ್ನಿಗೆ ಒತ್ತುತ್ತಿತ್ತು. ಅವ್ವ ಕೋಲೂರಿಕೊಂಡು ಪಕ್ಕದಲ್ಲೇ ನಡೆದು ಬರುತ್ತಿದ್ದಳು.

"ನಿಧಾನ ಕಣ್ ಮಗ," ಅಂದಳು, "ಬೆನ್ನು ಜ್ವಾಕೆ."