ದೀಕ್ಷಾಸ್ನಾನ: ಒಂದು ಪದ, ಹಲವು ಅರ್ಥ

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಕನ್ನಡ ಬೈಬಲಿನ ಕಾರ್ಯವು ವಿಲಿಯಂ ರೀವ್ ಅವರ ಸಹಯೋಗದಲ್ಲಿ 1831ರ ವೇಳೆಗೆ ಪೂರ್ಣಗೊಂಡಿತು. ಅನಂತರ ಅನೇಕ ಪರಿಷ್ಕರಣಗಳಾದವು. ಕೆಲವು ಪದಗಳ ಅರ್ಥಸಮಸ್ಯೆ ಮಾತ್ರ ಉಳಿದೇ ಇದೆ.

‘ದೀಕ್ಷಾಸ್ನಾನ’ವನ್ನೇ ನೋಡಬಹುದು. ಗ್ರೀಕ್ ಮೂಲದ ಪದಕ್ಕೆ ನೀರಿನಲ್ಲಿ ಮುಳುಗಿಸುವುದೆಂದಷ್ಟೇ ಧಾತ್ವರ್ಥ. ದೀಕ್ಷೆ ಈ ನೆಲದ ಸೇರ್ಪಡೆ. ಜಿನದೀಕ್ಷೆಯೆಂದರೆ ಸರ್ವಸಂಗಪರಿತ್ಯಾಗ, ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಅಸ್ನಾನವೂ ಒಂದು! ಆ ಪರಂಪರೆಯ ಓದುಗನಿಗೆ ‘ದೀಕ್ಷಾಸ್ನಾನ’ವು ತನ್ನೊಳಗೇ ವಿರೋಧವುಳ್ಳ ಸಮಾಸ. ವೀರಶೈವನಿಗೆ ದೀಕ್ಷೆಯೆಂದೊಡನೆ ಗುರು ಕರುಣಿಸುವ ಇಷ್ಟಲಿಂಗ ನೆನಪಾಗುತ್ತದೆ. ಕ್ರೈಸ್ತನಾದರೋ ಸ್ನಾನಾನಂತರ ಮನೆಗೆ ಮರಳಿ ಸಂಸಾರಿಯಾಗಿಯೇ ಬಾಳುತ್ತಾನೆ.

ಇಲ್ಲಿ ವ್ಯಾಖ್ಯಾನವಿಲ್ಲದೆ ಗತಿಯಿಲ್ಲ. ಯೆಹೂದ್ಯರ ಶುದ್ಧಿಸ್ನಾನ, ಯೊರ್ದನ್ ನದಿಯಲ್ಲಿ ಯೋಹಾನನು ಸಾರಿದ ಪಶ್ಚಾತ್ತಾಪ, ಕ್ರಿಸ್ತನೊಡನೆ ಹೂಳಲ್ಪಟ್ಟು ಹೊಸ ಬಾಳಿಗೆ ಏಳುವುದೆಂದು ರೋಮಾಪುರದವರಿಗೆ ಪೌಲನು ಬರೆದ ಪತ್ರದ ಆರನೆಯ ಅಧ್ಯಾಯ, ಇವನ್ನು ವ್ಯಾಖ್ಯಾನಕಾರನೇ ಜೋಡಿಸಿಕೊಡಬೇಕು. ಮುಳುಗಿಸಬೇಕೋ ಚಿಮುಕಿಸಬೇಕೋ, ಶಿಶುವಿಗೆ ಸಲ್ಲುವುದೋ ಎಂಬ ವಾದಗಳು ಇಂಗ್ಲಿಷ್ ವ್ಯಾಖ್ಯಾನಗಳಲ್ಲಿ ಹೇರಳವಾಗಿವೆ. ದೀಕ್ಷೆಯ ತೊಡಕು ಅಲ್ಲಿ ಏಳುವುದೇ ಇಲ್ಲ, ಆ ಭಾಷೆಯಲ್ಲಿ ಆ ಪದವೇ ಇಲ್ಲವಲ್ಲ! ಆದುದರಿಂದ ಅವುಗಳ ಅನುವಾದದಿಂದ ಕನ್ನಡದ ಓದುಗನ ಈ ಸಂದೇಹ ಪರಿಹಾರವಾಗದು.