ಹಳೆಯ ದೋಣಿಗಳಲ್ಲಿ ಬ್ಯಾಟರಿ ಮತ್ತು ಸ್ಟಾರ್ಟಿಂಗ್ ದೋಷಗಳು

ಡೀಸೆಲ್ ಎಂಜಿನ್ನನ್ನು ಒಳಗೆ ಕೂಡಿಸಿದ ಹಳೆಯ ದೋಣಿಗಳಲ್ಲಿ ಕೀಲಿ ತಿರುಗಿಸಿದರೂ ಎಂಜಿನ್ ಚಾಲೂ ಆಗದಿರುವ, ಇಲ್ಲವೇ ಬ್ಯಾಟರಿ ಪದೇ ಪದೇ ಇಳಿದುಹೋಗುವ ತೊಂದರೆಗಳು. ಸ್ಟಾರ್ಟರ್ ಮೋಟಾರಿಗೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ಹೊರಟು ಮುಖ್ಯ ಸ್ವಿಚ್ಚು, ದಪ್ಪ ಕೇಬಲ್ಲು, ಸೊಲೆನಾಯ್ಡ್, ಮೋಟಾರುಗಳನ್ನು ದಾಟಿ, ಎಂಜಿನ್ನಿನ ಮೈಯಿಂದ ಅರ್ಥ್ ಕೇಬಲ್ಲಿನ ಮೂಲಕ ಬ್ಯಾಟರಿಗೆ ಹಿಂದಿರುಗುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆ ಬಂದರೂ ಹೊರಗೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ತಪ್ಪು ಸಾಮಾನ್ಯವಾಗಿ ಬ್ಯಾಟರಿಯ ತಲೆಗೇ ಬರುತ್ತದೆ. ಹಳೆಯ ದೋಣಿಯ ಮಟ್ಟಿಗೆ ಇದು ಅವಸರದ ತೀರ್ಮಾನ. ಉಪ್ಪುಗಾಳಿ, ತೇವ, ಎಂಜಿನ್ನಿನ ಅದುರು ಇವು ಮೂರೂ ಸೇರಿ ಕೆಡಿಸುವುದು ಜೋಡಣೆಗಳನ್ನು.

ದೋಣಿಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ಸುಧಾರಿತ ರೂಪಗಳೇ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ಲುಗಳಿರುತ್ತವೆ. ಚಾರ್ಜ್ ಮುಗಿಸಿ ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ ಮೀಟರಿನಲ್ಲಿ 12.6ರಿಂದ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2ರ ಹತ್ತಿರವಿದ್ದರೆ ಅರ್ಧ ಇಳಿದಿದೆ, 11.9ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದು ತಿಳಿಯಬಹುದು. ಚಾರ್ಜರ್ ತೆಗೆದ ಕೂಡಲೇ ಅಳೆದ ಸಂಖ್ಯೆಯನ್ನು ನಂಬಬಾರದು. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಹೈಡ್ರೋಮೀಟರೇ ಹೆಚ್ಚು ನಂಬಿಕೆಯ ಸಾಕ್ಷಿ. ತುಂಬಿದ ಸೆಲ್ಲಿನ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.265, ಬಿಸಿ ಪ್ರದೇಶಗಳಿಗೆಂದು ತಯಾರಾದವುಗಳಲ್ಲಿ ಇದಕ್ಕಿಂತ ತುಸು ಕಡಿಮೆ. ಐದು ಸೆಲ್ಲುಗಳು ಸಮನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಕಾಲ ಮುಗಿಯಿತೆಂದೇ ಅರ್ಥ.

ಬಳಸದೆ ಇಟ್ಟ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಉಳಿದರೆ ಫಲಕಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟಿ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಸಾಮರ್ಥ್ಯ ಮರಳುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಎರಡು ತಿಂಗಳು ಬ್ಯಾಟರಿಯನ್ನು ಬೋಟಿನಲ್ಲೇ ಬಿಡದೆ ದಡಕ್ಕೆ ತಂದು, ಡಿಸ್ಟಿಲ್ಡ್ ನೀರು ಹಾಕಿ, ಆಗಾಗ ಚಾರ್ಜ್ ಮಾಡುವುದು ಖರ್ಚಿಲ್ಲದ ರಕ್ಷಣೆ.

ಕ್ಯಾಬಿನ್ನಿನ ದೀಪಗಳು ಚೆನ್ನಾಗಿ ಉರಿಯುತ್ತಿದ್ದರೂ ಸ್ಟಾರ್ಟರ್ ಅಲ್ಲಾಡದಿರುವುದು ಮಾಲೀಕರನ್ನು ಅತ್ಯಂತ ಗೊಂದಲಕ್ಕೆ ಕೆಡಹುವ ಲಕ್ಷಣ. ಇದರ ಹಿಂದಿರುವುದು ಸರಳ ಲೆಕ್ಕ. ಟರ್ಮಿನಲ್ಲಿನ ಕಿಲುಬಿನಿಂದ ದಾರಿಯಲ್ಲಿ ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಸೇರಿಕೊಂಡಿದೆ ಎನ್ನೋಣ. 2 ಆಂಪಿಯರ್ ಎಳೆಯುವ ದೀಪಕ್ಕೆ ಅದರಿಂದಾಗುವ ನಷ್ಟ 0.02 ವೋಲ್ಟ್, ಕಣ್ಣಿಗೆ ಕಾಣದು. ಅದೇ ದಾರಿಯಲ್ಲಿ ಸ್ಟಾರ್ಟರ್ 200 ಆಂಪಿಯರ್ ಎಳೆದರೆ ನಷ್ಟ 2 ವೋಲ್ಟ್, ಮತ್ತು ಆ ಒಂದೇ ಜಾಗದಲ್ಲಿ 400 ವ್ಯಾಟ್ ಶಾಖ. ಮೋಟಾರು ತಿಣುಕುತ್ತದೆ, ಟರ್ಮಿನಲ್ ಮುಟ್ಟಲಾಗದಷ್ಟು ಸುಡುತ್ತದೆ. ಸುಮ್ಮನಿರುವಾಗ ಮೀಟರ್ ಹಿಡಿದರೆ ಈ ದೋಷ ಸಿಗುವುದೇ ಇಲ್ಲ; ಒಬ್ಬರು ಕೀಲಿ ತಿರುಗಿಸುತ್ತಿರುವಾಗಲೇ ಇನ್ನೊಬ್ಬರು ಅಳೆಯಬೇಕು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಬೋಲ್ಟಿಗೆ ಇಟ್ಟು, ಆಮೇಲೆ ಮೈನಸ್ ಕಂಬಕ್ಕೂ ಎಂಜಿನ್ನಿನ ಬರಿ ಲೋಹಕ್ಕೂ ಇಟ್ಟು ನೋಡಬೇಕು. ಯಾವ ಬದಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬರುತ್ತದೋ ಆ ಬದಿಯಲ್ಲೇ ದೋಷವಿದೆ. ಎರಡೂ ಕಡೆ ಸರಿಯಿದ್ದು, ತಿರುಗಿಸುವಾಗ ಬ್ಯಾಟರಿಯ ಕಂಬಗಳ ನಡುವೆಯೇ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಆಗ ಬ್ಯಾಟರಿಯನ್ನು ಅನುಮಾನಿಸಬಹುದು. ಆದರೂ ಅದನ್ನು ತುಂಬ ಚಾರ್ಜ್ ಮಾಡಿ ಇನ್ನೊಮ್ಮೆ ನೋಡಬೇಕು. ಸಿಕ್ಕಿಕೊಂಡ ಸ್ಟಾರ್ಟರ್ ಕೂಡ ವಿಪರೀತ ಆಂಪಿಯರ್ ಎಳೆದು ಇದೇ ಲಕ್ಷಣ ತೋರಿಸಬಲ್ಲದು.

ಅರ್ಥ್ ಬದಿಯನ್ನು ಬಹಳ ಮಂದಿ ಮರೆಯುತ್ತಾರೆ. ಬಣ್ಣ ಬಳಿದ ಎಂಜಿನ್ನಿನ ಮೇಲೆ, ತುಕ್ಕು ಹಿಡಿದ ಬೋಲ್ಟಿಗೆ ಬಿಗಿದ ಕೇಬಲ್ಲು ಹೊರನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಕೇಬಲ್ಲಿನ ತುದಿಯ ಹೊದಿಕೆ ಸುಲಿದಾಗ ತಾಮ್ರದ ಎಳೆಗಳು ಕಪ್ಪಾಗಿ ಕಂಡರೆ ಉಪ್ಪುನೀರು ಒಳಗೆ ಹತ್ತಿದೆ. ತುದಿ ಕತ್ತರಿಸಿ ಪ್ರಯೋಜನವಿಲ್ಲದಿದ್ದರೆ ತವರ ಲೇಪಿಸಿದ ತಂತಿಯ ಕೇಬಲ್ಲೇ ಹಾಕಬೇಕು.

ಸದ್ದೂ ದಾರಿ ತೋರಿಸುತ್ತದೆ. ಕೀಲಿ ತಿರುಗಿಸಿದಾಗ ಸೊಲೆನಾಯ್ಡ್ ಟಕಟಕನೆ ಬಿಡದೆ ಬಡಿದುಕೊಂಡರೆ ವೋಲ್ಟೇಜ್ ಸಾಲುತ್ತಿಲ್ಲ. ಒಂದೇ ಸಲ ಟಕ್ಕೆಂದು ನಿಂತರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿರಬಹುದು, ಸ್ಟಾರ್ಟರ್ ಸಿಕ್ಕಿಕೊಂಡಿರಬಹುದು. ಸದ್ದೇ ಇಲ್ಲದಿದ್ದರೆ ನೋಡಬೇಕಾದ್ದು ಕೀಲಿಯ ಕಡೆಯ ತೆಳು ತಂತಿಗಳನ್ನು, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂಬುದನ್ನು. ಹಾಯಿದೋಣಿಗಳಲ್ಲಿ ಕೀಲಿ ಎಂಜಿನ್ನಿನಿಂದ ಹಲವು ಮೀಟರ್ ದೂರವಿದ್ದು, ಅಲ್ಲಿಗೆ ಹೋಗಿ ಬರುವುದರೊಳಗೆ ಸೊಲೆನಾಯ್ಡ್ ಎಳೆಯುವಷ್ಟು ವೋಲ್ಟೇಜ್ ಉಳಿಯದೆ ಹೋಗುವುದುಂಟು. ಎಂಜಿನ್ನಿನ ಬಳಿ ಒಂದು ರಿಲೇ ಹಾಕಿದರೆ ಇದು ತೀರುತ್ತದೆ. 1980ರ ದಶಕದ ಅಮೆರಿಕದ ಹಾಯಿದೋಣಿಗಳಲ್ಲಿದ್ದ ಯುನಿವರ್ಸಲ್ ಡೀಸೆಲ್ ಎಂಜಿನ್ನುಗಳಲ್ಲಿ ಆಲ್ಟರ್ನೇಟರಿನ ಕರೆಂಟು ಪೂರ್ತಿ ಪ್ಲಗ್ಗುಗಳ ಮೂಲಕ ಫಲಕದ ಆಮ್ಮೀಟರಿಗೆ ಹೋಗಿ ಬರುತ್ತಿತ್ತು. ಆ ಪ್ಲಗ್ಗುಗಳು ಕಿಲುಬಿ ಕರಗುತ್ತಿದ್ದುದರಿಂದ ಅವನ್ನು ತೆಗೆದು ವೋಲ್ಟ್‌ಮೀಟರ್ ಕೂಡಿಸುವುದು ರೂಢಿಯಾಯಿತು.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬಾರದಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟು, ತಂತಿಗಳನ್ನು ನೋಡಬೇಕು. ಓಡುತ್ತಿರುವಾಗ ಬ್ಯಾಟರಿ ಸ್ವಿಚ್ಚನ್ನು ಆಫ್ ಮಾಡಿದರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗಬಹುದು. ದೀಪ, ರೇಡಿಯೋ, ಪಂಪುಗಳಿಗೆ ಬೇರೆ ಬ್ಯಾಟರಿ ಇಟ್ಟು ಸ್ಟಾರ್ಟಿಂಗ್ ಬ್ಯಾಟರಿಯನ್ನು ಮೀಸಲಿಡುವುದು ಹಳೆಯ ದೋಣಿಗೆ ಮಾಡಬಹುದಾದ ಅತ್ಯುತ್ತಮ ಬದಲಾವಣೆ.

ಸ್ಟಾರ್ಟರ್ ಚೆನ್ನಾಗಿ ತಿರುಗಿಸಿಯೂ ಎಂಜಿನ್ ಹತ್ತದಿದ್ದರೆ ದೋಷ ಬ್ಯಾಟರಿಯದೂ ಅಲ್ಲ, ಸ್ಟಾರ್ಟರಿನದೂ ಅಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬಹುದು, ಫಿಲ್ಟರ್ ಕಟ್ಟಿರಬಹುದು, ಗ್ಲೋ ಪ್ಲಗ್ ಇರುವ ಎಂಜಿನ್ನಾದರೆ ಅದು ಕಾಯದಿರಬಹುದು. ಇಲ್ಲಿ ಹಟ ಹಿಡಿದು ತಿರುಗಿಸುತ್ತಲೇ ಇರುವುದು ಅಪಾಯ. ಸಮುದ್ರದ ನೀರನ್ನು ಹೊಗೆ ಕೊಳವೆಗೆ ಬೆರೆಸುವ ಎಂಜಿನ್ನುಗಳಲ್ಲಿ ಪಂಪು ನೀರು ತಳ್ಳುತ್ತಲೇ ಇರುತ್ತದೆ, ಹೊರಗೆ ನೂಕಲು ಹೊಗೆಯ ಒತ್ತಡವಿರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂಥ ಪ್ರಯತ್ನದ ವೇಳೆ ನೀರಿನ ವಾಲ್ವ್ ಮುಚ್ಚಿ, ಎಂಜಿನ್ ಹತ್ತಿದ ಕ್ಷಣವೇ ತೆರೆಯಬೇಕು.

ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಷ್ಟಾದರೂ ಹೊತ್ತಿಕೊಳ್ಳಬಲ್ಲದು. ಕೆಲಸಕ್ಕೆ ಮೊದಲು ಎಂಜಿನ್ ಕೋಣೆಯ ಮುಚ್ಚಳ ತೆರೆದು ಗಾಳಿಯಾಡಿಸಬೇಕು. ಬಿಚ್ಚುವಾಗ ಮೈನಸ್ ಕೇಬಲ್ಲು ಮೊದಲು, ಹಾಕುವಾಗ ಕೊನೆಗೆ.